‘ನಡೀತದ ಬಿಡ್ರಿ’ ಎಂಬ ಮಾತನ್ನು ಬಿಡೋಣ

ಪ್ರತಿ ವರ್ಷವೂ ಖಂಡೇಪೂಜೆಯ ದಿನ ನಮ್ಮ ಮನೆಗಳ ಮುಂದಿನ ಗಾಡಿಗಳಿಗೆ ಸಂಭ್ರಮವೋ ಸಂಭ್ರಮ. ಬೆಳಿಗ್ಗೆಯೇ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಏರಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಒಂದು ಸುತ್ತು ಓಡಿಸಿ ತರುತ್ತೇವೆ. ಮರುದಿನ ನಾವು ಬನ್ನಿ ಕೊಡುತ್ತೇವೆ, ನೆರೆಯ ಮರಾಠಿ ಬಂಧುಗಳು ಆಪಟಾ ಎಲೆ ಕೊಡುತ್ತಾರೆ. ಬಂಗಾರದಂತೆ ಇರೋಣ ಎಂದು ಪರಸ್ಪರ ಹರಸಿಕೊಳ್ಳುತ್ತೇವೆ. ಇದೆಲ್ಲವೂ ಚೆನ್ನ. ಆದರೆ ಅದೇ ಗಾಡಿಯ ಯಜಮಾನರನ್ನು, “ರಾಯರೇ, ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸಿ ಎಷ್ಟು ವರ್ಷವಾಯಿತು?” ಎಂದು ಕೇಳಿ ನೋಡಿರಿ. ಅವರು ಮುಗಿಲು ನೋಡುತ್ತಾರೆ. ಆಮೇಲೆ ನಮ್ಮ ಸಾರ್ವಕಾಲಿಕ ಉತ್ತರ ಬರುತ್ತದೆ: “ನಡೀತದ ಬಿಡ್ರಿ.” ಗ್ಯಾರೇಜಿನ ಮಿಸ್ತ್ರಿಯೂ ಅದನ್ನೇ ಮರಾಠಿಯಲ್ಲಿ ಹೇಳುತ್ತಾನೆ: “ಅಜೂನ್ ಚಾಲೇಲ್.” ಈ ಎರಡು ಸಮಾಧಾನದ ಮಾತುಗಳ ವಿರುದ್ಧ ಇಂದು ನಾವು ಲೇಖನಿ ಹಿಡಿದಿದ್ದೇವೆ.

ಇದು ಶ್ರೀಮಂತರ ಮಾತು, ಮಾಸಪತ್ರಿಕೆಯಲ್ಲಿ ಇದಕ್ಕೇಕೆ ಸ್ಥಳ ಎಂದು ಕೆಲವರು ಕೇಳಬಹುದು. ಹಾಗಲ್ಲ. ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಿಗೆ ನಮ್ಮ ಜನ ಬಂದದ್ದೇ ಯಂತ್ರಗಳ ಬೆನ್ನು ಹತ್ತಿ. 1964ರಲ್ಲಿ ಓಝರಿನಲ್ಲಿ ಮಿಗ್ ವಿಮಾನಗಳಿಗಾಗಿ ಎಚ್.ಎ.ಎಲ್. ಕಾರ್ಖಾನೆ ಹುಟ್ಟಿತು, ಬೆಂಗಳೂರಿನ ಮೈಕೋ ಕಂಪೆನಿ ಸಾತ್ಪುರದಲ್ಲಿ ಕಾರ್ಖಾನೆ ತೆರೆಯಿತು. ಅತ್ತ ಆಗಿನ ಔರಂಗಾಬಾದಿನ ವಾಳೂಜಿನಲ್ಲಿ ಬಜಾಜ್ ಬಂದಿತು. 2001ರಲ್ಲಿ ಶೇಂದ್ರಾದಲ್ಲಿ ಸ್ಕೋಡಾ ಕಂಪೆನಿ ಆಕ್ಟೇವಿಯಾ ಕಾರುಗಳ ಜೋಡಣೆ ಆರಂಭಿಸಿತು. 2004ರಲ್ಲಿ ಅದೇ ಕಾರಿನ ಆರ್.ಎಸ್. ಎಂಬ ವೇಗದ ಮಾದರಿ ಪೇಟೆಗೆ ಬಂದಾಗ ನಮ್ಮ ತರುಣರು ಅದನ್ನು ನಿಂತು ನೋಡುತ್ತಿದ್ದರು. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಸಿಲಿಂಡರಿಗೆ ಐದರಂತೆ ಇಪ್ಪತ್ತು ವಾಲ್ವುಗಳು. ನಾಲ್ಕು ಬಾಗಿಲಿನ ಸಂಸಾರದ ಗಾಡಿಯಾದರೂ ನಮ್ಮ ಪಾಲಿಗೆ ಸ್ಪೋರ್ಟ್ಸ್ ಕಾರು ಎಂದರೆ ಅದೇ. 2011ರಲ್ಲಿ ಲಾರಾ ಆರ್.ಎಸ್. ಬಂದಿತು. ಆಗ ನೋಡಿ ಕಣ್ಣು ತಣಿಸಿಕೊಂಡವರ ಅಂಗಳಕ್ಕೆ ಇಂದು ಅವೇ ಗಾಡಿಗಳು ಎರಡನೆಯ, ಮೂರನೆಯ ಕೈ ದಾಟಿ ಬಂದು ನಿಂತಿವೆ. ಹೊಸದರಲ್ಲಿ ಅಧಿಕಾರಿಗಳ ಸೊತ್ತಾಗಿದ್ದುದು ಇಂದು ಕಾರಕೂನರ ಮಗನ ಕೈಗೆ ಎಟುಕುತ್ತದೆ. ಎಟುಕಿದ್ದು ಬೆಲೆ ಮಾತ್ರ. ಅದರ ಮುಪ್ಪು ಬೆಲೆಯ ಜೊತೆಗೆ ಇಳಿದಿಲ್ಲ. ಆರ್.ಎಸ್. ಗಾಡಿಗಳಲ್ಲಿ ಮೊದಲನೆಯವು ಇಪ್ಪತ್ತು ವರ್ಷ ದಾಟಿವೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇವೆ. ಇತರರಿಗೆ ಬುದ್ಧಿ ಹೇಳುವವರು ತಮ್ಮ ಮನೆಯ ಕಸ ಮೊದಲು ಗುಡಿಸಬೇಕು.

ನಮ್ಮ ಮನೆಯಲ್ಲಿ ಇಂಥದೊಂದು ಹಳೆಯ ಗಾಡಿ ಇತ್ತು. ಅದರ ಬೆಲ್ಟ್ ಬದಲಿಸುವ ಕಾಲ ಬಂದಾಗ ಒಬ್ಬ ಮಿಸ್ತ್ರಿ, ಬೆಲ್ಟಿನ ಜೊತೆಗೆ ಟೆನ್ಶನರ್, ರೋಲರ್, ವಾಟರ್ ಪಂಪ್ ಎಲ್ಲವನ್ನೂ ಬದಲಿಸಬೇಕು ಎಂದ. ನಮಗೆ ಅದು ದುಡ್ಡು ಕೀಳುವ ಉಪಾಯವಾಗಿ ಕಂಡಿತು. ಇನ್ನೊಂದು ಗ್ಯಾರೇಜಿಗೆ ಹೋದೆವು. ಅಲ್ಲಿ ಬರೇ ಬೆಲ್ಟ್ ಹಾಕಿಕೊಟ್ಟರು. ಉಳಿದ ಹಣದಲ್ಲಿ ಸೀಟುಗಳಿಗೆ ಹೊಸ ಹೊದಿಕೆ ಹಾಕಿಸಿದೆವು. ಕೆಲವು ವರ್ಷಗಳ ತರುವಾಯ ಗಾಡಿಯನ್ನು ವಾಳೂಜಿನಲ್ಲಿ ಕೆಲಸಕ್ಕಿದ್ದ ನಮ್ಮವನೇ ಆದ ಒಬ್ಬ ಹುಡುಗನಿಗೆ ಕೊಟ್ಟೆವು. “ಬೆಲ್ಟ್ ಆಗೇದೇನ್ರಿ ಕಾಕಾ?” ಎಂದು ಆತ ಕೇಳಿದ. “ಆಗೇದ” ಎಂದೆವು. ಸುಳ್ಳು ಹೇಳಲಿಲ್ಲ, ಪೂರ್ತಿ ಹೇಳಲಿಲ್ಲ, ಅಷ್ಟೇ. ತಿಂಗಳುಗಳ ಮೇಲೆ ಆತ ಫೋನಿನಲ್ಲಿ, ಬೆಳಿಗ್ಗೆ ಚಾಲೂ ಮಾಡಿದಾಗ ಬಲಗಡೆಯಿಂದ ಗುರುಗುರು ಶಬ್ದ ಬರುತ್ತದೆ ಎಂದ. “ಹಳೇ ಗಾಡಿ ಅಲ್ಲೇನಪಾ, ನಡೀತದ ಬಿಡು” ಎಂದು ಸಮಾಧಾನ ಹೇಳಿದೆವು.

ಒಂದು ಸಂಜೆ ಆತ ಊರಿನಿಂದ ಬಂದ ತಾಯಿಯನ್ನು ತ್ರ್ಯಂಬಕೇಶ್ವರದ ದರ್ಶನಕ್ಕೆಂದು ಕರೆದುಕೊಂಡು ಸಂಭಾಜಿನಗರದಿಂದ ನಾಸಿಕದ ಕಡೆಗೆ ಹೊರಟಿದ್ದ. ವೈಜಾಪುರ ದಾಟಿ ಯೇವಲೆಯ ದಾರಿಯಲ್ಲಿ ಆ ಹಳೆಯ ರೋಲರ್ ಬಿಗಿದುಕೊಂಡು ಬೆಲ್ಟ್ ಹಾರಿತು. ಎಂಜಿನ್ ಸತ್ತಿತು, ಸ್ಟೇರಿಂಗ್ ಕಲ್ಲಾಯಿತು, ಬ್ರೇಕ್ ಎರಡು ಮೂರು ತುಳಿತಕ್ಕೆ ಗಟ್ಟಿಯಾಯಿತು. ಹಿಂದೆ ಈರುಳ್ಳಿ ಹೇರಿದ ಲಾರಿ. ಚಾಲಕ ಪುಣ್ಯಾತ್ಮ, ಹೇಗೋ ಪಕ್ಕಕ್ಕೆ ಎಳೆದುಕೊಂಡ. ಪ್ರಾಣಗಳು ಉಳಿದವು. ಎಂಜಿನ್ನಿನ ಹೆಡ್ ಇಳಿಸಿದಾಗ ಬಗ್ಗಿದ ವಾಲ್ವುಗಳನ್ನು ಒಂದು ತಟ್ಟೆಯಲ್ಲಿ ಸಾಲಾಗಿ ಇಟ್ಟು ತೋರಿಸಿದರು. ಅಂದು ರಾತ್ರಿಯೇ ಆ ಹುಡುಗ ನಮಗೆ ಫೋನು ಮಾಡಿದ್ದ. ಬೈಯಲಿಲ್ಲ. “ಕಾಕಾ, ರೋಲರ್ ಹಾಕಿಲ್ಲಂತ ನಿಮಗ ಗೊತ್ತಿತ್ತೇನ್ರೀ?” ಎಂದು ಮಾತ್ರ ಕೇಳಿದ. ದುರಸ್ತಿಯ ಖರ್ಚಿನಲ್ಲಿ ನಾವು ಪಾಲು ಕೊಟ್ಟೆವು. ಆ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ತಪ್ಪು ಗಾಡಿಯದಲ್ಲ, ಅದನ್ನು ಮಾಡಿದವರದೂ ಅಲ್ಲ; ನಮ್ಮದು.

ಈಗ ವಿಷಯಕ್ಕೆ ಬರೋಣ. ಎಂಜಿನ್ನಿನ ಕೆಳಗೆ ಪಿಸ್ಟನ್ನುಗಳನ್ನು ಆಡಿಸುವ ಕ್ರ್ಯಾಂಕ್ ಶಾಫ್ಟ್, ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್. ಕೆಳಗಿನದು ಎರಡು ಸುತ್ತು ತಿರುಗಿದಾಗ ಮೇಲಿನದು ಒಂದೇ ಸುತ್ತು ತಿರುಗಬೇಕು. ಈ ತಾಳವನ್ನು ತಪ್ಪದಂತೆ ಹಿಡಿದಿರುವುದು ಹಲ್ಲುಗಳುಳ್ಳ ಒಂದು ರಬ್ಬರಿನ ಪಟ್ಟಿ. ಅದೇ ಟೈಮಿಂಗ್ ಬೆಲ್ಟ್. ಹೆದ್ದಾರಿಯಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ನಾವು ಹೇಳುತ್ತಿರುವ ಇಪ್ಪತ್ತು ವಾಲ್ವಿನ ಎಂಜಿನ್ನಿನಲ್ಲಿ ತೆರೆದ ವಾಲ್ವೂ ಮೇಲೇರಿದ ಪಿಸ್ಟನ್ನೂ ಒಂದೇ ಜಾಗವನ್ನು ಸರದಿಯಂತೆ ಬಳಸುತ್ತವೆ. ಬೆಲ್ಟ್ ಹರಿದರೆ ಸರದಿ ತಪ್ಪುತ್ತದೆ. ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಗ ಬೆಲ್ಟಿನ ಖರ್ಚು ಹೆಡ್ಡಿನ ಖರ್ಚಾಗುತ್ತದೆ, ಕೆಲವೊಮ್ಮೆ ಇಡೀ ಎಂಜಿನ್ನಿನ ಖರ್ಚಾಗುತ್ತದೆ.

ಇದು ತಿಳಿದ ಮೇಲೂ ನಾವು ಹೇಳುವ ನೆಪಗಳು ನಾಲ್ಕು. ಒಂದೊಂದಾಗಿ ನೋಡೋಣ.

ಮೊದಲನೆಯ ನೆಪ: “ಇನ್ನೂ ಅಷ್ಟು ಕಿಲೋಮೀಟರ್ ಆಗಿಲ್ಲ.” ಹಳೆಯ ಸ್ಪೋರ್ಟ್ಸ್ ಕಾರಿನವರ ಬಾಯಲ್ಲಿ ಇದೇ ಮಾತು ಹೆಚ್ಚು. ಭಾನುವಾರ ಗಂಗಾಪುರ ರಸ್ತೆಯಲ್ಲೊಂದು ಸುತ್ತು, ವರ್ಷಕ್ಕೊಮ್ಮೆ ಊರಿಗೆ ಒಂದು ಪ್ರಯಾಣ. ಕಿಲೋಮೀಟರ್ ಎಲ್ಲಿಂದ ಆಗಬೇಕು? ಆದರೆ ರಬ್ಬರಿಗೆ ಮೀಟರು ಓದಲು ಬರುವುದಿಲ್ಲ. ನಿಂತಲ್ಲಿಯೇ ಅದು ಗಡುಸಾಗುತ್ತದೆ, ಬಿರಿಯುತ್ತದೆ. ಮರಾಠವಾಡದ ಚೈತ್ರ ವೈಶಾಖಗಳ ಬಿಸಿಲು, ಟರ್ಬೊದ ಕಾವು, ಎಲ್ಲಿಂದಲೋ ಒಸರುವ ಎಣ್ಣೆ, ಇವೆಲ್ಲ ಗಾಡಿ ಓಡಲಿ ಬಿಡಲಿ ತಮ್ಮ ಕೆಲಸ ಮಾಡುತ್ತವೆ.

ಈ ಮಾತನ್ನು ಓಝರಿನ ನಮ್ಮ ಹಿರಿಯರಿಗೆ ನಾವು ಕಲಿಸಬೇಕಾಗಿಲ್ಲ. ವಿಮಾನದ ಭಾಗಗಳಿಗೆ ಹಾರಾಟದ ಗಂಟೆಗಳ ಆಯುಷ್ಯವೂ ಉಂಟು, ಪಂಚಾಂಗದ ಆಯುಷ್ಯವೂ ಉಂಟು. ಎರಡರಲ್ಲಿ ಯಾವುದು ಮೊದಲು ಮುಗಿಯುವುದೋ ಆಗಲೇ ಭಾಗವನ್ನು ಬಿಚ್ಚಬೇಕು. “ಇದು ಹ್ಯಾಂಗರಿನಲ್ಲೇ ನಿಂತಿತ್ತು ಸ್ವಾಮಿ” ಎಂಬ ವಾದ ಅಲ್ಲಿ ನಡೆಯುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ವಾಯುಪಡೆಯಿಂದ ನಿವೃತ್ತಿಯಾದ ಮಿಗ್-21 ಅಷ್ಟು ದಶಕ ಹಾರಿದ್ದರ ಹಿಂದೆ ಈ ಶಿಸ್ತೂ ಇತ್ತು. ಹಗಲೆಲ್ಲ ಕಾರ್ಖಾನೆಯಲ್ಲಿ ಈ ನಿಯಮ ಪಾಲಿಸಿದ ಕೈಗಳು ಮನೆಗೆ ಬಂದು ತಮ್ಮ ಗಾಡಿಗೆ ಮಾತ್ರ ‘ನಡೀತದ’ ಎಂದರೆ ಏನೆನ್ನಬೇಕು? ಹೊರದೇಶದ ಮಾತೂ ಇದೇ. ಇಟಲಿಯ ಫೆರಾರಿ ಎಫ್355 ಗಾಡಿಯಲ್ಲಿ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಅದರ ಒಡೆಯರಲ್ಲಿ ಬಲ್ಲವರು, ಗಾಡಿ ಷೆಡ್ಡಿನಿಂದ ಹೊರಬಾರದಿದ್ದರೂ ಕೆಲವೇ ವರ್ಷಗಳಿಗೊಮ್ಮೆ ಆ ಖರ್ಚನ್ನು ಮಾಡುತ್ತಾರೆ. ದುಡ್ಡಿದ್ದವರ ಹುಚ್ಚಲ್ಲ ಅದು. ಲೆಕ್ಕ ಬಲ್ಲವರ ಜಾಣತನ.

ಎರಡನೆಯ ನೆಪ: “ಶಬ್ದವೇನೂ ಇಲ್ಲವಲ್ಲ.” ಬೆಲ್ಟ್ ಸಾಯುವ ಮೊದಲು ಕೂಗಿ ಹೇಳುವುದಿಲ್ಲ. ಮೇಲಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿದರೆ ಬಿರುಕು ಕಾಣಬಹುದು, ಕಾಣಲೇಬೇಕೆಂದಿಲ್ಲ. ಹಲ್ಲಿನ ಬುಡ ಸಡಿಲಾದದ್ದು, ಒಳಗಿನ ಗಾಜಿನ ನೂಲು ದಣಿದದ್ದು ಕಣ್ಣಿಗೆ ಬೀಳುವುದಿಲ್ಲ. ಶಬ್ದ ಮಾಡುವವು ರೋಲರ್ ಮತ್ತು ವಾಟರ್ ಪಂಪಿನ ಬೇರಿಂಗುಗಳು. ಅವು ಮಾಡಿದಾಗ ನಾವು ಕೇಳಿದೆವೇ? ಮೇಲೆ ಬರೆದಿದ್ದೇವೆ. ಶಬ್ದವಿಲ್ಲದಿದ್ದರೆ ‘ಶಬ್ದವಿಲ್ಲ’ ಎನ್ನುವುದು, ಶಬ್ದ ಬಂದರೆ ‘ಹಳೇ ಗಾಡಿ’ ಎನ್ನುವುದು. ಹೀಗಾದರೆ ಆ ಯಂತ್ರವಾದರೂ ನಮಗೆ ಹೇಗೆ ತಿಳಿಸಬೇಕು?

ಮೂರನೆಯ ನೆಪ: “ಬೆಲ್ಟ್ ಹಾಕಿಸಿದರೆ ಸಾಕು, ಉಳಿದದ್ದು ಗಟ್ಟಿ ಇದೆ.” ಈ ನೆಪಕ್ಕೆ ನಾವೇ ದಂಡ ತೆತ್ತವರು. ಈ ಕೆಲಸದಲ್ಲಿ ಸಾಮಾನಿಗಿಂತ ಬಿಚ್ಚಿ ಜೋಡಿಸುವ ಶ್ರಮವೇ ದೊಡ್ಡದು. ಹೊಸ ಬೆಲ್ಟಿನ ಹಾದಿಯಲ್ಲಿ ಹಳೆಯ ರೋಲರನ್ನೂ ಸೋತ ಟೆನ್ಶನರನ್ನೂ ಬಿಟ್ಟರೆ ಹೊಸ ಧೋತರ ಉಟ್ಟು ಹರಿದ ಉಡಿದಾರ ಕಟ್ಟಿಕೊಂಡಂತೆ. ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಪಂಪು ಬಿಗಿದರೆ ಬೆಲ್ಟಿಗೆ ಸಾವು. ಸೋರಿದರೆ ಬೆಲ್ಟ್ ತೊಯ್ದು ಹಾಳು. ಆದುದರಿಂದ ಬೆಲ್ಟ್, ಟೆನ್ಶನರ್, ರೋಲರ್, ಪಂಪ್, ಈ ನಾಲ್ಕೂ ಕೂಡಿಯೇ ಒಂದು ಕೆಲಸ. ಅಲ್ಲಿನ ಆಯಿಲ್ ಸೀಲುಗಳು ಒಸರುತ್ತಿದ್ದರೆ ಅವನ್ನೂ ಆಗಲೇ ಮುಗಿಸಬೇಕು. ಇದೇ ಎಂಜಿನ್ನಿನ ಹಿಂಬದಿಯಲ್ಲಿ ಎರಡು ಕ್ಯಾಮ್ ಶಾಫ್ಟುಗಳನ್ನು ಬೆಸೆಯುವ ಒಂದು ಪುಟ್ಟ ಚೈನೂ ಅದರ ಟೆನ್ಶನರೂ ಇವೆ. ಅವನ್ನು ಮರೆಯುವವರೇ ಬಹಳ. ಕೆಲಸ ಮುಗಿದ ಮೇಲೆ ಚಾಲೂ ಮಾಡುವ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಕೂಡಿವೆಯೇ ಎಂದು ನೋಡಬೇಕು. ಇದನ್ನು ಮಾಡಲು ಬೇಸರಪಡುವ ಮಿಸ್ತ್ರಿಯ ಕೈಗೆ ಗಾಡಿ ಕೊಡಬೇಡಿರಿ.

ಇಲ್ಲಿ ಲಾರಾ ಆರ್.ಎಸ್. ಇಟ್ಟುಕೊಂಡ ಬಂಧುಗಳು ಮೀಸೆ ತಿರುವುತ್ತಾರೆ: “ನಮ್ಮದು ಬೆಲ್ಟಲ್ಲ, ಚೈನು. ಅದಕ್ಕೆ ಸಾವಿಲ್ಲ.” ಫೆರಾರಿ ಕೂಡ 2004ರ ಎಫ್430 ಗಾಡಿಯಲ್ಲಿ ಬೆಲ್ಟ್ ಬಿಟ್ಟು ಚೈನಿಗೆ ಬಂದದ್ದು ನಿಜ. ಚೈನು ರಬ್ಬರಿನಂತೆ ಪಂಚಾಂಗ ನೋಡಿ ಮುದಿಯಾಗುವುದಿಲ್ಲ ಎಂಬುದೂ ನಿಜ. ಆದರೆ ಸಾವಿಲ್ಲ ಎಂಬುದು ಸುಳ್ಳು. ಚೈನಿನ ಪಿನ್ನುಗಳು ಸವೆದು ಅದು ಉದ್ದವಾಗುತ್ತದೆ. ಎಣ್ಣೆಯ ಒತ್ತಡದಿಂದ ಅದನ್ನು ಬಿಗಿಹಿಡಿಯುವ ಟೆನ್ಶನರ್ ಸೋಲುತ್ತದೆ. ಆ ಕಾಲದ ಟಿ.ಎಸ್.ಐ. ಎಂಜಿನ್ನುಗಳ ಈ ಟೆನ್ಶನರನ್ನೇ ಕುರಿತು ಅಮೆರಿಕದಲ್ಲಿ ಒಡೆಯರು ಸಾಮೂಹಿಕ ದಾವೆ ಹೂಡಿದ್ದರು; 2018ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಟೆನ್ಶನರಿನ ರೂಪವನ್ನೂ ತಯಾರಕರು ಬದಲಿಸಿದರು. ಹಾಗೆಂದು ಹೆದರಿ ಚೈನನ್ನು ವರ್ಷ ಎಣಿಸಿ ಬದಲಿಸಬೇಕು ಎಂದು ನಾವು ಹೇಳುವುದಿಲ್ಲ. ಅದಕ್ಕೆ ಅಳತೆಯೇ ಬೇರೆ. ಬೆಳಗಿನ ತಂಪಿನಲ್ಲಿ ಚಾಲೂ ಮಾಡಿದೊಡನೆ ಒಂದೆರಡು ಸೆಕೆಂಡು ಗಡಗಡ ಸದ್ದು ಬರುತ್ತದೆಯೇ ಕೇಳಿರಿ. ಸ್ಕ್ಯಾನರ್ ಹಚ್ಚಿ ಕ್ಯಾಮಿನ ಸ್ಥಾನ ಎಷ್ಟು ಸರಿದಿದೆ ಎಂದು ಬರೆಯಿಸಿಕೊಳ್ಳಿರಿ. ಕೆಳಮುಚ್ಚಳದ ಬಿರಡೆ ತೆಗೆದರೆ ಟೆನ್ಶನರ್ ಎಷ್ಟು ಹೊರಬಂದಿದೆ, ಹಳೆಯ ರೂಪದ್ದೋ ಹೊಸ ರೂಪದ್ದೋ ಎಂದು ಕಾಣುತ್ತದೆ. ಹಳೆಯದಾಗಿದ್ದರೆ ಕಾಯಬೇಡಿರಿ. ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸಿರಿ. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ಗೇರಿನ ಬಲದಿಂದ ಮಾತ್ರ ಗಾಡಿ ನಿಲ್ಲಿಸಬೇಡಿರಿ. ಎಂಜಿನ್ ಹಿಂದಕ್ಕೆ ಜರುಗಿದರೆ ಸೋತ ಟೆನ್ಶನರ್ ಒಳಸರಿದು ಚೈನು ಹಲ್ಲು ಜಿಗಿದೀತು.

ನಾಲ್ಕನೆಯ ನೆಪವೇ ಎಲ್ಲಕ್ಕಿಂತ ದೊಡ್ಡದು: “ಗಾಡಿಯ ಬೆಲೆಯೇ ಇಷ್ಟು, ಅದಕ್ಕೆ ಅಷ್ಟು ಖರ್ಚು ಯಾತಕ್ಕೆ?” ಇದರಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇವೆ. ಮಕ್ಕಳ ಕಾಲೇಜಿನ ಫೀ ಇರುತ್ತದೆ, ಊರಲ್ಲಿ ಮುದುಕರ ಔಷಧ ಇರುತ್ತದೆ. ಆದರೆ ಲೆಕ್ಕವನ್ನು ನೆಟ್ಟಗೆ ಮಾಡೋಣ. ಬೆಲ್ಟಿನ ಖರ್ಚನ್ನು ಗಾಡಿಯ ಬೆಲೆಯ ಪಕ್ಕದಲ್ಲಿ ಇಟ್ಟು ನೋಡುವುದು ತಪ್ಪು. ಹೆಡ್ಡಿನ ಖರ್ಚಿನ ಪಕ್ಕದಲ್ಲಿ, ಸಮೃದ್ಧಿ ಮಹಾಮಾರ್ಗದಲ್ಲಿ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಎಂಜಿನ್ ಸತ್ತರೆ ಹಿಂದಿನ ಸೀಟಿನಲ್ಲಿ ಕುಳಿತಿರುವವರ ಪಕ್ಕದಲ್ಲಿ ಇಟ್ಟು ನೋಡಬೇಕು. ಹದಿನೈದು ವರ್ಷ ತುಂಬಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ಗೊಣಗಿದೆವು, ಆದರೂ ಕಟ್ಟಿದೆವು. ಏಕೆಂದರೆ ಅದನ್ನು ಸರಕಾರ ಕೇಳಿತು. ಬೆಲ್ಟನ್ನು ಯಾರೂ ಕೇಳುವುದಿಲ್ಲ. ಆರ್.ಟಿ.ಓ. ತಪಾಸಣೆಯಲ್ಲಿ ಬ್ರೇಕು, ದೀಪ, ಹೊಗೆ ನೋಡುತ್ತಾರೆಯೇ ಹೊರತು ಟೈಮಿಂಗ್ ಮುಚ್ಚಳ ಬಿಚ್ಚುವುದಿಲ್ಲ. ಕೈಯಲ್ಲಿ ಪ್ರಮಾಣಪತ್ರ ಇದೆ ಎಂದ ಮಾತ್ರಕ್ಕೆ ಒಳಗಿನ ರಬ್ಬರು ಹೊಸದಾಗಲಿಲ್ಲ.

ಖರ್ಚು ನಿಜವಾಗಿಯೂ ಆಗದಿದ್ದರೆ? ಆಗ ಗಾಡಿಯನ್ನು ನಿಲ್ಲಿಸಿರಿ. ಹಣ ಕೂಡಿದ ಮೇಲೆ ಮಾಡಿಸಿರಿ, ಇಲ್ಲವೇ ಇದ್ದದ್ದನ್ನು ಇದ್ದಂತೆ ಹೇಳಿ ಕಡಿಮೆ ಬೆಲೆಗೆ ಮಾರಿರಿ. ಇವು ಮೂರೂ ಮರ್ಯಾದೆಯ ದಾರಿಗಳು. ಹೇಳದೆ ಮಾರುವುದು ನಾಲ್ಕನೆಯ ದಾರಿ. ಪರನಾಡಿನಲ್ಲಿ ನಾವು ಒಬ್ಬರಿಗೊಬ್ಬರು ಮನೆ ಹುಡುಕಿಕೊಡುತ್ತೇವೆ, ವರ ಹುಡುಕಿಕೊಡುತ್ತೇವೆ, ಹೊಸದಾಗಿ ಬಂದ ಹುಡುಗನಿಗೆ ಮೊದಲ ತಿಂಗಳ ಊಟ ಹಾಕುತ್ತೇವೆ. ‘ನಮ್ಮವರು’ ಎಂಬ ಒಂದೇ ನಂಬಿಕೆಯಿಂದ ಆ ಹುಡುಗ ಬೇರೆಡೆ ವಿಚಾರಿಸದೆ ನಮ್ಮ ಗಾಡಿ ಕೊಂಡ. ಆ ನಂಬಿಕೆಯನ್ನು ಒಂದು ರೋಲರಿನ ಬೆಲೆಗೆ ಮಾರಿಕೊಂಡೆವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದ್ದು ಇಂಥವರಿಗೇ.

ನಮ್ಮ ಮಾತನ್ನು ಹಿಡಿದು ಗ್ಯಾರೇಜಿನವರು ಕಂಡ ಕಂಡ ಭಾಗಗಳ ಪಟ್ಟಿ ಬೆಳೆಸಿಯಾರು ಎಂಬ ಆಕ್ಷೇಪ ಬರಬಹುದು. ಬರಲಿ. ಅದಕ್ಕೆ ಮದ್ದು ಕೆಲಸ ಮುಂದೂಡುವುದಲ್ಲ, ತಿಳಿದು ಮಾಡಿಸುವುದು. ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ತೆಗೆದುಕೊಳ್ಳಿರಿ. ಹೊಸ ಭಾಗಗಳ ಡಬ್ಬಿ ನೋಡಿರಿ, ರಸೀದಿ ಪಡೆಯಿರಿ. ಕೆಲಸ ನಡೆಯುವಾಗ ಒಂದು ಗಂಟೆ ಅಲ್ಲಿಯೇ ನಿಲ್ಲಿರಿ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಹಿರಿಯರು ನಮ್ಮ ಸಂಘಗಳಲ್ಲಿ ಎಷ್ಟು ಜನರಿಲ್ಲ! ಅವರನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸುವುದಕ್ಕೆ ಮಾತ್ರ ಕರೆಯದೆ, ಒಂದು ಭಾನುವಾರ ಗಾಡಿಯ ಮುಂದೆ ನಿಲ್ಲಿಸಿ ಕೇಳೋಣ.

ನಮ್ಮ ಮನೆಗಳಲ್ಲಿ ನಾವು ಇಟ್ಟುಕೊಂಡ ನಿಯಮ ಇಷ್ಟು. ಬೆಲ್ಟಿಗೆ ಐದು ವರ್ಷ, ಅಥವಾ ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್, ಯಾವುದು ಮೊದಲೋ ಅದು. ಹಳೆಯ ಗಾಡಿ ಕೊಂಡಾಗ ರಸೀದಿ ಇಲ್ಲದ ಕೆಲಸ ಆಗಿಲ್ಲವೆಂದೇ ಲೆಕ್ಕ. ಮೊದಲ ದೂರ ಪ್ರಯಾಣಕ್ಕೆ ಮುನ್ನ ಆ ಕೆಲಸ. ಚೈನಿಗೆ ವರ್ಷಕ್ಕೊಮ್ಮೆ ಅಳತೆ, ಸದ್ದು ಬಂದರೆ ಅಂದೇ ತಪಾಸಣೆ. ಮಾಡಿದ ಕೆಲಸದ ತಾರೀಖು, ಮೀಟರಿನ ಅಂಕಿ, ಹಾಕಿದ ಭಾಗಗಳ ಹೆಸರು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸುವುದು. ಹಾಕದೆ ಬಿಟ್ಟ ಭಾಗದ ಹೆಸರನ್ನೂ ಬರೆಯುವುದು. ಸಂಪಾದಕರಲ್ಲಿ ಒಂದು ವಿನಂತಿ: ಈ ಪತ್ರಿಕೆಯಲ್ಲಿ ಗಾಡಿ ಮಾರಾಟದ ಪ್ರಕಟಣೆ ಕೊಡುವವರಿಂದ ಈ ಚೀಟಿಯ ವಿವರವನ್ನೂ ಕೇಳಿ ಅಚ್ಚು ಹಾಕಲಿ. ಬಣ್ಣ ಯಾವುದು, ಸೀಟಿನ ಹೊದಿಕೆ ಹೊಸದೇ ಎಂದು ತಿಳಿಯುವುದಕ್ಕಿಂತ ಕೊಳ್ಳುವವನಿಗೆ ಅದು ಹೆಚ್ಚು ಉಪಯೋಗ.

ಬರುವ ದಸರೆಗೆ ಇನ್ನೂ ಕಾಲವಿದೆ. ಮಾಲೆ ಏರಿಸುವ ಮೊದಲು ಬಾನೆಟ್ ಎತ್ತಿ ಚೀಟಿ ನೋಡೋಣ; ಇಲ್ಲದಿದ್ದರೆ ಬರೆಯುವಂತೆ ಕೆಲಸ ಮಾಡಿಸೋಣ. ಆ ಹುಡುಗನ ಗಾಡಿ ಈಗ ಮತ್ತೆ ಓಡುತ್ತಿದೆ, ಅದರ ಬಾನೆಟ್ಟಿನೊಳಗೆ ಆತನೇ ಬರೆದ ಚೀಟಿ ಇದೆ. ನಾವು ಎದುರು ಸಿಕ್ಕಾಗ ಆತ ಮೊದಲಿನಂತೆಯೇ ‘ಕಾಕಾ’ ಎನ್ನುತ್ತಾನೆ. ಅವನ ತಾಯಿಯನ್ನು ಮಾತ್ರ ನಾವು ಇನ್ನೂ ಮುಖವೆತ್ತಿ ಮಾತನಾಡಿಸಿಲ್ಲ. ಓದುಗ ಬಂಧುಗಳಲ್ಲಿ ಯಾರಿಗೂ ಅಂಥ ದಿನ ಬಾರದಿರಲಿ ಎಂದೇ ಇಷ್ಟು ಬರೆದೆವು.